ಕೆಚ್ಚಿದಲ್ಲಿ ಬಿಚ್ಚದ ಎಳೆ

ರೇಷನ್ ಅಂಗಡಿಯ ಯಂತ್ರಕ್ಕೆ ಅತ್ತಿಯ ಹೆಬ್ಬೆರಳು ಸಿಗುತ್ತಲೇ ಇರಲಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹುಣಸೆಬೀಜದಂತೆ ನುಣ್ಣಗಾಗಿ ಗೆರೆಗಳೆಲ್ಲ ಸವೆದುಹೋಗಿದ್ದವು. ಅಂಗಡಿಯವನು ನಾಲ್ಕು ಸಲ ಒರೆಸಿ, ಒತ್ತಿಸಿ ಸೋತಾಗ, "ನಾ ಇಲ್ಲೇ ನಿಂತೇನಿ, ನಿನಗ ಕಾಣವಲ್ದೇನು?" ಎಂದು ಯಂತ್ರವನ್ನೇ ಕೇಳುತ್ತಿದ್ದರು.

ಆ ಗೆರೆಗಳನ್ನು ತಿಂದದ್ದು ನಮ್ಮ ನೇಕಾರರ ಊರು ಬನಹಟ್ಟಿಯ ನೂಲು. ಅತ್ತಿ ಎಂದರೆ ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಅಂದರೆ ಹಾಸು, ಮುಗಿಯಲು ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ. ಅತ್ತಿ ಬೆರಳ ತುದಿಯನ್ನು ನಾಲಗೆಗೆ ತಾಗಿಸಿ, ಎರಡು ಎಳೆ ಹಿಡಿದು ಒಮ್ಮೆ ಹೊಸೆದು ಬಿಟ್ಟರೆ ಮುಗಿಯಿತು. ಗಂಟು ಕಾಣುತ್ತಿರಲಿಲ್ಲ, ಬಿಚ್ಚುತ್ತಲೂ ಇರಲಿಲ್ಲ. ನಮ್ಮ ಮನೆಯ ಎರಡೂ ಮಗ್ಗಕ್ಕೆ ಅವರೇ ಬರುತ್ತಿದ್ದರು. ಕೆಲಸ ಮುಗಿಸಿ ಏಳುವಾಗ ಅಪ್ಪನಿಗೆ ಪ್ರತಿಸಲ ಅದೇ ಮಾತು: "ಎಳಿ ಹರದ್ರ ನನಗ ಬೈಬ್ಯಾಡ್ರಿ. ಕೆಚ್ಚಿದಲ್ಲಿ ಬಿಚ್ಚಿದ್ರ ಬೈರಿ." ಅಪ್ಪನಿಗೆ ಬೈಯುವ ಅವಕಾಶ ಒಮ್ಮೆಯೂ ಸಿಗಲಿಲ್ಲ.

ನಾನು ನೂಲಿನಿಂದ ತಪ್ಪಿಸಿಕೊಳ್ಳಲೆಂದೇ ಓದಿ, ಧಾರವಾಡದ ಪ್ರಯೋಗಾಲಯವೊಂದರಲ್ಲಿ ಮತ್ತೆ ನೂಲಿಗೇ ಬಂದು ಬಿದ್ದವನು. ಜೇಡದ ರೇಷ್ಮೆಯನ್ನು ಜೇಡವಿಲ್ಲದೆ ಮಾಡುವುದು ನಮ್ಮ ಕೆಲಸ. ಜೇಡಗಳನ್ನು ರೇಷ್ಮೆಹುಳುಗಳ ಹಾಗೆ ಒಟ್ಟಿಗೆ ಸಾಕಲಾಗದು, ಒಂದನ್ನೊಂದು ತಿಂದುಬಿಡುತ್ತವೆ. ಹಾಗಾಗಿ ಆ ನೂಲಿನ ಪ್ರೋಟೀನನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಪಾಕದಂತೆ ಕರಗಿಸಿ, ಸೂಜಿಯಿಂದ ಸ್ಪಿರಿಟ್ಟಿನೊಳಗೆ ಒತ್ತಿದರೆ ಎಳೆ ಬರುತ್ತದೆ. ಹತ್ತು ಸಲಕ್ಕೆ ಒಮ್ಮೆ ಬರುತ್ತದೆ. ಉಳಿದ ಒಂಬತ್ತು ಸಲ ನನಗೆ ಅಸಿಡಿಟಿ ಬರುತ್ತದೆ.

ಒಮ್ಮೆ ಊರಿಗೆ ಹೋದಾಗ ಇದನ್ನೆಲ್ಲ ಅತ್ತಿಗೆ ಹೇಳಿದೆ.

"ಜ್ಯಾಡ ಇಲ್ಲ, ಜ್ಯಾಡನ ನೂಲ ಮಾತ್ರ ಐತಿ. ಲೇ ತಮ್ಮಾ, ಸಾಲ್ಯಾಗ ಸುಳ್ಳ ಹೇಳಾಕ ಕಲಿತಿದ್ದಿ, ಇನ್ನೂ ಬಿಟ್ಟಿಲ್ಲ. ಒಂದೀಟ ತಾ. ಕೈಯಾಗ ಹಿಡದ್ರ ಗೊತ್ತಾಗತೈತಿ."

ಅಷ್ಟೊತ್ತಿಗೆ ಅವರ ಕಣ್ಣು ಮಬ್ಬಾಗಿತ್ತು. ಕೆಚ್ಚಲು ಯಾರೂ ಕರೆಯುತ್ತಿರಲಿಲ್ಲ. ಕೈಯೊಂದೇ ಅವರಿಗೆ ಉಳಿದ ಹೆಮ್ಮೆ. ಮುಂದಿನ ಸಲ, ಸೋಮವಾರ ನಮ್ಮ ಕೆಲಸ ಪರಿಶೀಲಿಸಲು ಬರುವ ಸಮಿತಿಯ ಮುಂದಿಡಬೇಕಿದ್ದ ಐದು ಎಳೆಗಳಲ್ಲಿ ಎರಡನ್ನು ಡಬ್ಬಿಯಲ್ಲಿಟ್ಟುಕೊಂಡು ಊರಿಗೆ ಹೊರಟೆ. ಮುಧೋಳ ದಾಟಿದ ಮೇಲೆ ಬಸ್ಸು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ.

ನನ್ನ ಎಳೆಯೊಂದನ್ನು ಕೈಗಿಟ್ಟೆ; ಅತ್ತಿ ಅದಕ್ಕೆ ಕೆಚ್ಚಲು ಹತ್ತಿಯ ಎಳೆಯೊಂದನ್ನು ಹಿಡಿದು ಕೂತರು. ನಾನು ಬಾಯಿ ತೆರೆಯುವ ಮೊದಲೇ ಬೆರಳು ನಾಲಗೆಗೆ ಹೋಗಿತ್ತು. ಒದ್ದೆ ತಾಗಿದ್ದೇ ತಡ, ನನ್ನ ಎಳೆ ಸುರುಳಿ ಸುತ್ತಿ, ಕುಗ್ಗಿ, ಅರ್ಧದಷ್ಟಾಗಿ ನೆಲಕ್ಕೆ ಬಿತ್ತು.

"ಏನಾತೋ?"

"ಏನಿಲ್ಲ ಬಿಡ್ರಿ ಅತ್ತಿ."

ಬಾಯಿ ಹಾಗೆಂದರೂ ಮುಖದ ಮೇಲೆ ಸೋಮವಾರದ ಸಮಿತಿ ಕೂತಿತ್ತು. ಮಬ್ಬುಗಣ್ಣಿಗೂ ಅದು ಕಂಡಿತು. "ಕೆಡಸಿದ್ನಿ. ಕೈ ಹೋತು ನಂದು," ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ನಾನು ಬಸ್ಸು ಹಿಡಿದೆ.

ಜೇಡದ ನಿಜವಾದ ರೇಷ್ಮೆಯೂ ಒದ್ದೆಯಾದರೆ ಹೀಗೇ ಕುಗ್ಗುತ್ತದೆ. ನನಗದು ಗೊತ್ತಿತ್ತು. ಅದು ಎಳೆಯ ಗುಣ, ನಿಮ್ಮ ತಪ್ಪಲ್ಲ ಎಂಬ ಒಂದು ಮಾತು ಆಡಬಹುದಿತ್ತು. ಇಲ್ಲದ್ದಕ್ಕೆಲ್ಲ ಚಿಂತಿಸುವ ನನಗೆ ಅದೊಂದು ಹೊಳೆಯಲಿಲ್ಲ. ಸೋಮವಾರ ಸಮಿತಿಯವರು ಎಳೆ ಎಷ್ಟಿವೆ ಎಂದು ನೋಡಲೂ ಇಲ್ಲ.

ಹದಿನೈದು ದಿನ ಕಳೆದು ಅವ್ವ ಫೋನು ಮಾಡಿದಳು. "ಅತ್ತಿ ಸೂಜಿಗಿ ದಾರ ಸುದ್ದಾ ಪೋಣಸವಲ್ರು. ಕೈ ಹೋಗೇತಿ ಅಂತಾರ. ನೀ ಏನಂದಿ ಅವರಿಗೆ?"

ಏನೂ ಅಂದಿರಲಿಲ್ಲ. ಅದೇ ತಪ್ಪು. ಮರುದಿನ ಉಳಿದ ಎಳೆಯ ಡಬ್ಬಿ ಹಿಡಿದು ಹೋಗಿ ಅವರ ಮುಂದೆ ಕೂತೆ.

"ಅತ್ತಿ, ನೀರ ಹತ್ತಿದ್ರ ಖರೇ ಜ್ಯಾಡನ ನೂಲೂ ಹಂಗ ಮಾಡತೈತ್ರಿ. ನಾ ಮೊದಲ ಹೇಳಬೇಕಿತ್ತು. ನಿಮ್ಮ ಕೈ ಛಲೋ ಐತ್ರಿ."

"ಇಷ್ಟ ಹೇಳಾಕ ಹದಿನೈದ ದಿನ ಬೇಕಾತು?"

"ಹೌದ್ರಿ."

"ತಾ ಇಲ್ಲಿ ಇನ್ನೊಂದ."

ಈ ಸಲ ಬೆರಳು ನಾಲಗೆಗೆ ಹೋಗಲಿಲ್ಲ. ಗೋಡೆಯ ಮಾಡದಲ್ಲಿದ್ದ ಒಣ ವಿಭೂತಿಯನ್ನು ಎರಡು ಬೆರಳಿಗೆ ತಿಕ್ಕಿಕೊಂಡರು. ಎಳೆ ಎರಡು ಸಲ ಜಾರಿತು. ಮೂರನೆಯ ಸಲ ನನ್ನ ಎಳೆಯೂ ಹತ್ತಿಯ ಎಳೆಯೂ ಕೂಡಿದವು. "ಎಳಿ ಹರದ್ರ..." ಎಂದು ಶುರುಮಾಡಿ, ಉಳಿದದ್ದು ನಿನಗೆ ಗೊತ್ತಲ್ಲ ಎಂಬಂತೆ ನನ್ನ ಕಡೆ ನೋಡಿದರು. ಅಂದು ಸಂಜೆ ಸೂಜಿಗೆ ದಾರ ಪೋಣಿಸಿ ಕುಬಸದ ಗುಂಡಿಯನ್ನು ತಾವೇ ಹೊಲಿದುಕೊಂಡರಂತೆ.

ಅತ್ತಿ ಯುಗಾದಿಗೆ ಮುಂಚೆ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅವರು ಕೆಚ್ಚಿದ ಎಳೆ ಪ್ರಯೋಗಾಲಯದ ನನ್ನ ಡ್ರಾಯರಿನಲ್ಲೇ ಇತ್ತು. ಎಳೆಗಳನ್ನು ಜಗ್ಗಿ ಪರೀಕ್ಷಿಸುವ ಯಂತ್ರ ಪಕ್ಕದ ಕೋಣೆಯಲ್ಲೇ ಇದ್ದರೂ ಅದಕ್ಕೆ ಹಾಕುವ ಧೈರ್ಯ ನನಗಿರಲಿಲ್ಲ. ಬಿಚ್ಚಿಬಿಟ್ಟರೆ ಅವರಿಗೆ ಏನು ಹೇಳಲಿ ಎಂಬ ಚಿಂತೆ. ಹೇಳಬೇಕಾದವರೇ ಇಲ್ಲವಾದ ಮೇಲೆ ಒಂದು ದಿನ ಹಾಕಿದೆ.

ಹರಿಯಿತು. ಹರಿದದ್ದು ನಾನು ಮಾಡಿದ ಎಳೆ, ಸರಿಯಾಗಿ ಅದರ ನಡುವೆ. ಕೆಚ್ಚಿದ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಡು ಎಳೆಗಳೂ ಒಂದನ್ನೊಂದು ಸುತ್ತಿಕೊಂಡು ಹಾಗೇ ಇದ್ದವು, ಸಂದಿಯಲ್ಲಿ ವಿಭೂತಿಯ ಬಿಳಿ. ಬೈಸಿಕೊಳ್ಳಬೇಕಾದವನು ನಾನು. ಬೈಯಬೇಕಾದವರು ಇಲ್ಲ.