ಮೂಲೆಯ ಚೀಲದ ಬೇಳೆ

ಎಮ್ಮೆಗೆ ಹುಲ್ಲು ಹಾಕಿ, ರಾಗಿ ಬೀಸಿಸಿ, ತಿಂಗಳ ದಿನಸಿಯ ಚೀಟಿ ಹಿಡಿದು ಹತ್ತು ವರ್ಷದಿಂದ ಸಾಮಾನು ತರುವ ಹೊಸೂರಿನ ಅಂಗಡಿಗೆ ಹೋದೆ. ಕೋಣೆ ಹಿಡಿದು ಒಬ್ಬಳೇ ಅಡುಗೆ ಮಾಡಿಕೊಂಡು ಟೀಚರ್ ಟ್ರೈನಿಂಗ್ ಓದುವ ಹುಡುಗಿಯೊಬ್ಬಳು ನೂರು ಗ್ರಾಂ ಬೇಳೆ ಕೇಳುತ್ತಿದ್ದಳು. ಅಂಗಡಿಯವನು ಮೂಲೆಯ ಚೀಲದಿಂದ ತೂಗಿ, "ಒಂಟಿ ಹೊಟ್ಟೆಗೆ ಇದೇ ಜಾಸ್ತಿ ಕಣಮ್ಮ" ಎಂದು ನಕ್ಕ.

"ನನ್ನ ಐದು ಕಿಲೋನೂ ಅದ್ರಿಂದ್ಲೇ ಹಾಕಪ್ಪ" ಎಂದೆ.

"ನಿಮಗ್ಯಾಕಕ್ಕ ಅದು? ನೆಲ ಗುಡಿಸಿ ತುಂಬಿದ್ದು, ಬರೀ ಕಲ್ಲೈತೆ!"

ನನಗೆ ಮೈಯೆಲ್ಲ ಉರಿದುಹೋಯಿತು. "ಈ ಮಗು ಕಲ್ಲು ತಿನ್ಬೇಕೇನಯ್ಯಾ?" ಎಂದವಳೇ ಅವಳ ಪೊಟ್ಟಣವನ್ನು ಅವನ ತಕ್ಕಡಿಗೇ ಸುರಿದು, ಅವನ ಕೈಗೆ ಕೊಟ್ಟಿದ್ದ ಚೀಟಿ ಕಿತ್ತುಕೊಂಡು, ಹುಡುಗಿಯನ್ನು ಮನೆಗೆ ಕರೆತಂದೆ.

ಅಂದು ಮುದ್ದೆ, ಬೇಳೆಸಾರು ಉಂಡು ಅವಳೇ ಮೊದಲು ಮಲಗಿದಳು. ಹತ್ತು ವರ್ಷ ಅಲ್ಲೇ ನಿಂತೂ ಆ ಚೀಲ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬ ಸಿಟ್ಟಿಗೆ ನನಗೆ ನಿದ್ದೆ ಹತ್ತಲಿಲ್ಲ.