ಕಣಿವೆಯ ಕತ್ತಲಲ್ಲಿ ಜಯಂತಿಯ ಜೊತೆ

ಶನಿವಾರ ಮಧ್ಯಾಹ್ನ ಅರಸೀಕೆರೆಯಿಂದ ಕಣಕಟ್ಟೆಯ ಬಸ್ಸು ಹತ್ತಿದಾಗ ನನ್ನ ಹತ್ತಿರ ಇದ್ದದ್ದು ಒಂದೇ ಚೀಲ. ಅದರಲ್ಲಿ ಓಟದ ಶೂ, ಒಂದು ಜೊತೆ ಬಟ್ಟೆ, ಖರ್ಜೂರದ ಪೊಟ್ಟಣ. ಹಣೆಗೆ ಕಟ್ಟುವ ಟಾರ್ಚು ಒಳಗೆ ಹಿಡಿಸದೆ ಕೈಯಲ್ಲೇ ಇತ್ತು. ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತ, "ರಾತ್ರಿ ತೋಟಕ್ಕೆ ನೀರ್ ಬಿಡಕಾ ಮೇಡಂ ಲೈಟು?" ಎಂದು ಕೇಳಿದ.

"ಅಲ್ಲ, ಓಡೋಕೆ," ಅಂದೆ. ಅವನು ಇನ್ನೇನೂ ಕೇಳದೆ ಮುಂದಿನ ಸೀಟಿಗೆ ಹೋದ.

ಜಿಲ್ಲೆಯ ಓಟದ ಹವ್ಯಾಸಿಗಳು ಸೇರಿ ಮರುದಿನ ಬೆಳಗಿನ ಜಾವಕ್ಕೆ ಒಂದು ಮ್ಯಾರಥಾನ್ ಏರ್ಪಡಿಸಿದ್ದರು. ಕಣಕಟ್ಟೆಯ ಆಚೆ ಗುಡ್ಡಗಳ ನಡುವೆ ಒಂದು ಕಿರಿದಾದ ಕಣಿವೆ ಇದೆ. ಅದನ್ನು ಹಾದು, ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರಬೇಕು. ಒಟ್ಟು ನಲವತ್ತೆರಡು ಕಿಲೋಮೀಟರ್. ಮಾಗಿಯಲ್ಲೂ ನಮ್ಮ ಕಡೆ ಹತ್ತು ಗಂಟೆಯ ಮೇಲೆ ಬಿಸಿಲು ಚುರುಗುಟ್ಟುತ್ತದೆ. ಅದಕ್ಕೇ ಕತ್ತಲಿರುವಾಗಲೇ ಹೊರಡುವುದು ಎಂದು ತೀರ್ಮಾನವಾಗಿತ್ತು.

ತೊಂದರೆ ಇದ್ದದ್ದು ಅಲ್ಲೇ. ನನಗೆ ಇರುಳುಗುರುಡು. ಹಗಲಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿಗಿರುವುದಷ್ಟೇ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕತ್ತಲಾದರೆ ಟಾರ್ಚಿನ ಬೆಳಕು ಬಿದ್ದಲ್ಲಿ ಒಂದು ತಟ್ಟೆಯಷ್ಟು ಜಾಗ, ಅದೂ ಮಸಕು. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಕೊನೆಯ ಬೆಂಚಿನ ಎರಡು ಮೂಲೆಯ ಮಕ್ಕಳು ಒಟ್ಟಿಗೆ ಕಂಡು ಎಷ್ಟೋ ಕಾಲವಾಯಿತು. ಈ ಕೊಳವೆ ಇನ್ನೂ ಕಿರಿದಾಗುತ್ತ ಹೋಗುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು ಎಂದು ಕಣ್ಣಿನ ಡಾಕ್ಟರು ತಿಳಿಸಿದ್ದರು. ಬೆಳಕಿನಲ್ಲಿ ನಾನು ಓಡಬಲ್ಲೆ. ಕತ್ತಲಲ್ಲಿ ಆಗುತ್ತದೆಯೇ ಎಂಬುದನ್ನು, ಕತ್ತಲು ಪೂರ್ತಿ ಬರುವ ಮೊದಲು ತಿಳಿದುಕೊಳ್ಳಬೇಕಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಹಗಲೊತ್ನಲ್ಲೇ ಬಾಗಿಲಿಗೆ ಹಣೆ ಹೊಡ್ಕೋತೀಯ. ಕತ್ತಲಲ್ಲಿ ಗುಡ್ಡಕ್ಕೆ ಹೋಗ್ತೀನಿ ಅಂತೀಯಲ್ಲಮ್ಮ," ಅಂದರು. ನಮ್ಮನೆಯವರು ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ. "ಜಯಂತಿ ಬರ್ತಾರಾ?" ಎಂದಷ್ಟೇ ಕೇಳಿದರು. ಬರ್ತಾಳೆ ಅಂದೆ. "ಹಾಗಾದ್ರೆ ಹೋಗಿ ಬಾ" ಅಂದರು.

ಜಯಂತಿ ನನ್ನ ಕಾಲೇಜಿನ ಗೆಳತಿ. ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಖೋ ಖೋ ಆಟದಲ್ಲಿ ಅವಳನ್ನು ಮುಟ್ಟುವವರೇ ಇರಲಿಲ್ಲ. ಈಗ ಬೇಲೂರು ಕಡೆಯ ಹಗರೆಯಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ನನ್ನ ಕಣ್ಣಿನ ವಿಷಯ ಗೊತ್ತಾದ ಮೇಲೆ, ಬಿಟ್ಟಿದ್ದ ಓಟವನ್ನು ನನಗೋಸ್ಕರ ಮತ್ತೆ ಶುರು ಮಾಡಿದವಳು. ಭಾನುವಾರಗಳಲ್ಲಿ ಅರಸೀಕೆರೆಗೆ ಬಂದು ನನ್ನ ಜೊತೆ ಓಡುತ್ತಿದ್ದಳು. ಕರು ಕಟ್ಟುವ ಹತ್ತಿ ಹಗ್ಗದ ಒಂದು ಮೊಳದ ತುಂಡು, ಒಂದು ತುದಿ ಅವಳ ಬಲಗೈಯಲ್ಲಿ, ಇನ್ನೊಂದು ನನ್ನ ಎಡಗೈಯಲ್ಲಿ. ದಾರಿಯಲ್ಲಿ ಏನಿದೆ ಎಂದು ಅವಳು ಕೂಗಿ ಹೇಳುತ್ತಿದ್ದಳು. ಅದನ್ನು ಕೇಳಿಕೊಂಡು ನಾನು ಹೆಜ್ಜೆ ಹಾಕುತ್ತಿದ್ದೆ.

ಕಣಕಟ್ಟೆ ನನ್ನ ತವರು. ಅಣ್ಣನ ಮನೆಗೆ ನಾನು ಹೋದ ಸ್ವಲ್ಪ ಹೊತ್ತಿಗೆ ಜಯಂತಿಯೂ ಬಸ್ಸು ಬದಲಾಯಿಸಿಕೊಂಡು ಬಂದಳು. ಸಂಜೆಯ ಊಟಕ್ಕೆ ಅತ್ತಿಗೆ ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಅಣ್ಣ ತಟ್ಟೆಯ ಮುಂದೆ ಕೂತು ನಿಧಾನವಾಗಿ ಹೇಳಿದ. "ಬೋರೆಹಣ್ಣಿನ ಕಾಲ ಇದು. ಹೋದ ವಾರ ನಮ್ಮ ತೋಟದ ಬೇಲಿ ತಾವ ಕರಡಿ ಹೆಜ್ಜೆ ಬಿದ್ದಿದ್ದೋ. ಫಾರೆಸ್ಟ್‌ನೋರು ಮುಂದೆ ಪಟಾಕಿ ಹೊಡ್ಕೊಂಡು ಹೋಗ್ತಾರೆ ಅಂತಾರೆ. ಅವ್ರು ಮುಂದೆ ಹೋದ್ಮೇಲೆ ಹಿಂದೆ ಏನು ಬತ್ತದೋ ಯಾರಿಗ್ ಗೊತ್ತು."

ನಾನು ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆ. ಚಿಕ್ಕಂದಿನಲ್ಲಿ, ಹೊತ್ತು ಮುಳುಗಿದ ಮೇಲೆ ಆ ಕಣಿವೆಯ ಕಡೆ ಮುಖ ಮಾಡಿ ಕೂರಲೂ ಬಿಡದೆ ಬೆಳೆಸಿದ್ದರು ನಮ್ಮನ್ನು. ಜಯಂತಿ ಮಾತ್ರ ಇನ್ನೊಂದು ಮುದ್ದೆ ಹಾಕಿಸಿಕೊಂಡಳು. "ಕರಡಿಗೂ ನಿದ್ದೆ ಬ್ಯಾಡ್ವಾ ಅಣ್ಣ? ಮಲಗಿರ್ತದೆ ಬುಡಿ," ಅಂದಳು.

ಬೆಳಗಿನ ಜಾವ ಅಣ್ಣ ನಮ್ಮಿಬ್ಬರನ್ನೂ ಬೈಕಿನಲ್ಲಿ ಗುಡ್ಡದ ಬುಡಕ್ಕೆ ಬಿಟ್ಟ. ಅಲ್ಲಿ ಜನರ ಗದ್ದಲ, ಜನರೇಟರಿನ ಸದ್ದು, ಯಾರೋ ಹಚ್ಚಿದ್ದ ನೋವಿನೆಣ್ಣೆಯ ವಾಸನೆ. ದೀಪಗಳು ನನಗೆ ಬೆಳಕಿನ ಉಂಡೆಗಳಾಗಿ ಕಾಣುತ್ತಿದ್ದವು. ಅವುಗಳ ಕೆಳಗಿನ ಮನುಷ್ಯರು ಕಾಣುತ್ತಿರಲಿಲ್ಲ. ಎಲ್ಲರಿಗೂ ಕುತ್ತಿಗೆಗೆ ಹಾಕಿಕೊಳ್ಳಲು ಒಂದೊಂದು ಸೀಟಿ ಕೊಟ್ಟರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಓಟ ಶುರುವಾಯಿತು ಎಂದು ಕೂಗಿದ್ದೇ ಎಲ್ಲರ ಕಾಲ ಸದ್ದು ನಮ್ಮನ್ನು ಬಳಸಿಕೊಂಡು ಮುಂದೆ ಹೋಯಿತು. ದೂರದಲ್ಲಿ ಪಟಾಕಿ ಢಂ ಅಂದಿತು. ಆಮೇಲೆ ನಾವಿಬ್ಬರೇ ಉಳಿದೆವು. ನಮಗಿಂತ ನಿಧಾನದವರು ಯಾರೂ ಇರಲಿಲ್ಲ.

"ಕಲ್ಲೈತೆ, ಕಾಲೆತ್ತು. ಎಡಕ್ಕೆ ಬಾ. ಇಳಿಜಾರು, ಮೆಲ್ಲಗೆ. ಈಗ ಸಾಪು ಐತೆ, ಓಡು," ಎಂದು ಜಯಂತಿ ಹೇಳುತ್ತ ಹೋದಳು. ನಾನು ಹೇಳಿದಂತೆ ಮಾಡುತ್ತ ಹೋದೆ. ಕಣಿವೆ ಹೊಕ್ಕಿದ್ದು ಕಿವಿಗೆ ಗೊತ್ತಾಯಿತು. ನಮ್ಮ ಹೆಜ್ಜೆಯ ಸದ್ದು ಎರಡೂ ಕಡೆಯ ಬಂಡೆಗೆ ಬಡಿದು ವಾಪಸು ಬರತೊಡಗಿತು. ಯಾರೋ ಹಿಂದೆ ಓಡಿ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ನಿಂತೆ. ನಿಂತಾಗ ಆ ಸದ್ದೂ ನಿಂತಿತು. ವಾಪಸು ಹೋಗೋಣ ಎಂದು ಹೇಳಬೇಕು ಅನ್ನಿಸಿತು. ಹಗ್ಗ ಮುಂದಕ್ಕೆ ಎಳೆಯಿತು, ಓಡಿದೆ.

ಕಣಿವೆಯ ನಡುಮಧ್ಯ ಬಂದಿರಬೇಕು. ಹಗ್ಗ ಥಟ್ಟನೆ ಬಿಗಿಯಾಯಿತು.

"ಗಿರಿಜಾ, ನಿಂತ್ಕೋ," ಅಂದಳು ಜಯಂತಿ. ಅವಳ ದನಿ ನನಗೆ ಪರಿಚಯವಿಲ್ಲದವರ ದನಿಯಂತಿತ್ತು. "ಏನೂ ಕೇಳ್ಬ್ಯಾಡ. ನಾ ಹಿಂದಕ್ಕೆ ಹೆಜ್ಜೆ ಇಟ್ಟಂಗೆ ನೀನೂ ಇಡು. ತಿರುಗ್ಬ್ಯಾಡ."

ನನ್ನ ಟಾರ್ಚಿನ ಮಸಕು ತಟ್ಟೆಯಲ್ಲಿ ದಾರಿಯ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಸದ್ದು ಮಾತ್ರ ಬಂತು. ಮೂಗಿನಿಂದ ಜೋರಾಗಿ ಗಾಳಿ ಎಳೆದು ಬಿಡುವ ಬುಸಬುಸ ಸದ್ದು, ಮಣ್ಣು ಕೆರೆಯುವ ಸದ್ದು. ಹತ್ತಿರವೇ. ನಮ್ಮ ಕೊಟ್ಟಿಗೆಯಿಂದ ಹಿತ್ತಲ ಬಾಗಿಲಿಗೆ ಇರುವಷ್ಟು ದೂರವೂ ಇರಲಿಲ್ಲ. ಕೆರೆಯುವುದು ನಿಂತಿತು. ಗಾಳಿ ಎಳೆಯುವುದೂ ನಿಂತಿತು. ಅದು ನಮ್ಮನ್ನು ನೋಡುತ್ತಿದೆ ಎಂದು ಆಗ ತಿಳಿಯಿತು. ಹಗ್ಗದ ಆ ತುದಿಯಲ್ಲಿ ಜಯಂತಿಯ ಕೈ ನಡುಗುತ್ತಿತ್ತು, ಆ ನಡುಕ ಹಗ್ಗದುದ್ದಕ್ಕೂ ಬಂದು ನನ್ನ ಬೆರಳಿಗೆ ತಾಕುತ್ತಿತ್ತು. ಒಂದು ಹೆಜ್ಜೆ ಹಿಂದಕ್ಕೆ, ನಿಂತು ಇನ್ನೊಂದು. ಸೀಟಿ ಊದುವುದು ಇಬ್ಬರಿಗೂ ನೆನಪಾಗಲಿಲ್ಲ. ಬೆನ್ನಿಗೆ ಬಂಡೆ ತಗುಲಿತು. ಅದಕ್ಕೆ ಒರಗಿ ಉಸಿರು ಹಿಡಿದು ನಿಂತೆವು.

ಎಷ್ಟು ಹೊತ್ತೋ. ಕೊನೆಗೆ ಪೊದೆ ಮುರಿಯುತ್ತ ಏನೋ ಭಾರವಾದದ್ದು ಗುಡ್ಡ ಹತ್ತಿ ಹೋಯಿತು. ಕಲ್ಲುಗಳು ಉರುಳಿದವು. ಆಮೇಲೆ ಏನೂ ಕೇಳಿಸಲಿಲ್ಲ.

"ಹೋಯ್ತಾ?" ಎಂದು ಪಿಸುಗುಟ್ಟಿದೆ.

ನಾನೇ ಹಗ್ಗ ಎಳೆದೆ. ಅವಳು ನಡೆಯತೊಡಗಿದಳು. ಕಲ್ಲೂ ಹೇಳಲಿಲ್ಲ, ಹಳ್ಳವೂ ಹೇಳಲಿಲ್ಲ. ಕೆಲವೇ ಹೆಜ್ಜೆಗೆ ನನ್ನ ಕಾಲು ಬೇರಿಗೆ ಸಿಕ್ಕಿತು, ಮುಗ್ಗರಿಸಿ ಬಲಗೈ ಊರಿ ಬಿದ್ದೆ. ಮಣಿಕಟ್ಟಿನಲ್ಲಿ ಚಳುಕು ಮೂಡಿ ಕಣ್ಣಿಗೆ ನೀರು ಬಂತು. ಜಯಂತಿ ನನ್ನನ್ನು ಎತ್ತಲಿಲ್ಲ. ಪಕ್ಕದಲ್ಲೇ ಕುಸಿದು ಕೂತಳು.

"ಮರಿ ಇತ್ತು ಕಣೇ ಬೆನ್ನ ಮ್ಯಾಲೆ," ಅಂದಳು. "ತಾಯಿ ಎದ್ದು ನಿಂತ್ಕೊಂಡ್ತು. ಮನುಷ್ಯರಂಗೆ. ನೀನು ನೋಡಲಿಲ್ಲ, ಸದ್ಯ." ಆಮೇಲೆ ಅಳತೊಡಗಿದಳು. ಅವಳು ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನನಗೆ ಆಗ ಆದ ಭಯವೇ ಬೇರೆ. ಕತ್ತಲು ನನಗೆ ದಿನದ ಅಭ್ಯಾಸ. ಆದರೆ ಅವಳು ಹೀಗಾದರೆ ಇಲ್ಲಿಂದ ಹೊರಗೆ ಹೋಗುವ ದಾರಿ ಯಾರಿಗೂ ಇಲ್ಲ. ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ. ಅವಳ ತೋಳು ಹಿಡಿದು ಎಬ್ಬಿಸಿದೆ. "ಮುಂದೆ ಏನೈತೆ ಹೇಳು," ಅಂದೆ.

"ನಂಗಾಗಲ್ಲ ಕಣೇ."

"ಓಡೋದು ಬೇಡ. ಏನೈತೆ ಅಷ್ಟು ಹೇಳು. ನನಗೆ ಕಾಣ್ತಾ ಇಲ್ಲ ಜಯಂತಿ."

ಅವಳು ಮೂಗು ಒರೆಸಿಕೊಂಡಳು. ಅವಳ ಟಾರ್ಚಿನ ಬೆಳಕು ನಿಧಾನವಾಗಿ ಮುಂದಕ್ಕೆ ಹೊರಳಿತು. "ಕಲ್ಲೈತೆ," ಅಂದಳು. "ಸಣ್ಣದು. ಅದರಾಚೆ ಒಂದು ಗುಂಡಿ."

"ಯಾವ ಕಡೆ?"

"ಬಲಕ್ಕೆ. ಎಡದಾಗೆ ಬಾ."

ಹೀಗೆ ಹೆಜ್ಜೆಹೆಜ್ಜೆಗೂ ಕೇಳಿದೆ. ಕಾಲಿಗೆ ತಾಕಿ ಗೊತ್ತಾದದ್ದನ್ನೂ ಕೇಳಿದೆ. ಕೇಳಿದ್ದಕ್ಕೆಲ್ಲ ಹೇಳುತ್ತ ಅವಳ ದನಿ ಮೆಲ್ಲಗೆ ಮೊದಲಿನಂತಾಯಿತು. ಆದರೆ ಪೊದೆಯಲ್ಲಿ ಹಕ್ಕಿ ಕದಲಿದರೂ ಹಗ್ಗ ಬಿಗಿಯಾಗುತ್ತಿತ್ತು. ಕಣಿವೆ ಅಗಲವಾಗಿ ಗಾಳಿ ಮುಖಕ್ಕೆ ಹೊಡೆದಾಗ, ಮುಂದೆ ಕಾದು ನಿಂತಿದ್ದ ಫಾರೆಸ್ಟಿನ ಕಾವಲಿನವರು ಲಾಟೀನು ಎತ್ತಿ ನಮ್ಮನ್ನು ಕೂಗಿದರು. ಕರಡಿಯ ವಿಷಯ ಹೇಳಿದೆವು. ಅವರಲ್ಲಿ ಹಿರಿಯರು ನಮ್ಮಿಬ್ಬರ ಮುಖಕ್ಕೂ ಬೆಳಕು ಹಿಡಿದು, "ಪುಣ್ಯ ಮಾಡಿದ್ರಿ ಕಣ್ರಮ್ಮ. ಜೀಪ್ ಐತೆ, ಕೂತ್ಕೊಳ್ರಿ," ಅಂದರು.

ಕೂರುವುದೇ ಸರಿ ಅನ್ನಿಸಿತ್ತು ನನಗೆ. ಜಯಂತಿ ಒಂದು ಲೋಟ ನೀರು ಕುಡಿದು, "ಬೆಳಕಾಯ್ತಾ ಐತೆ. ಇಷ್ಟು ಬಂದು ಕೂತ್ಕೋಳಾದೇನು," ಅಂದಳು. ನನ್ನ ಊದಿದ ಕೈಗೆ ಅವಳ ಶಾಲನ್ನು ಬಿಗಿಯಾಗಿ ಸುತ್ತಿದಳು.

ಮಂಜಿನೊಳಗೆ ಬೆಳಗಾಯಿತು. ಮೊದಲು ರಾಗಿ ಕೊಯ್ದ ಹೊಲಗಳು, ಆಮೇಲೆ ತೆಂಗಿನ ತೋಟಗಳು ನನ್ನ ಕೊಳವೆಯೊಳಕ್ಕೆ ಒಂದೊಂದಾಗಿ ಬಂದವು. ಬಾಣಾವರದಲ್ಲಿ ಬಾಳೆಹಣ್ಣು, ಉಪ್ಪು ಹಚ್ಚಿದ ಕಿತ್ತಳೆ ಕೊಟ್ಟರು. ಅಲ್ಲಿಂದ ಮುಂದೆ ಟಾರು ರಸ್ತೆ, ಲಾರಿಗಳ ಗಾಳಿ. ಜಾವಗಲ್ ಬರುವ ಹೊತ್ತಿಗೆ ತೊಡೆಗಳು ಕಲ್ಲಾಗಿದ್ದವು. ಹೋಟೆಲಿನ ಮುಂದೆ ಕೂತಿದ್ದ ಒಬ್ಬ ಅಜ್ಜ, "ಯಾವೂರಮ್ಮ? ಬಸ್ಸು ಸಿಗ್ಲಿಲ್ವಾ?" ಎಂದು ಕೇಳಿದರು. ಕಣಿವೆ ಬಿಟ್ಟ ಮೇಲೆ ಜಯಂತಿ ನಕ್ಕದ್ದು ಆಗಲೇ ಮೊದಲು.

ಕೊನೆಯ ದಾರಿ ಬಹುಪಾಲು ನಡೆದೆವು. ಬಿಸಿಲು ನೆತ್ತಿಗೇರಿತ್ತು. ಹಳೇಬೀಡಿನ ಕೆರೆಯ ನೀರು ಹೊಳೆದಾಗ ಕಣ್ಣು ಕೋರೈಸಿತು. ಮುಗಿಯುವ ಜಾಗದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು, ಬ್ಯಾನರ್ ಆಗಲೇ ಮಡಚಿಟ್ಟಿದ್ದರು. ನೆಲದ ಮೇಲೆ ಸುಣ್ಣದ ಗೆರೆಯೊಂದು ಉಳಿದಿತ್ತು. ಅದನ್ನು ದಾಟಿ ನಿಂತೆವು. ಕುರ್ಚಿ ಜೋಡಿಸುತ್ತಿದ್ದವರು ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದರು. ಪಾತ್ರೆಯಲ್ಲಿ ಉಳಿದಿದ್ದ ಆರಿದ ಚಿತ್ರಾನ್ನ ಕೊಟ್ಟರು. ಇಬ್ಬರೂ ದೇವಸ್ಥಾನದ ಕಾಂಪೌಂಡಿನ ನೆರಳಲ್ಲಿ ಕಾಲು ಚಾಚಿ ಕೂತು ಒಂದಗುಳೂ ಬಿಡದೆ ತಿಂದೆವು.

ಆ ರಾತ್ರಿ ಹಗರೆಯಲ್ಲಿ ಜಯಂತಿಯ ಮನೆಯಲ್ಲಿ ಉಳಿದೆ. ಸೋಮವಾರ ಬೆಳಿಗ್ಗೆ ಹಾಲು ಹಾಕಿ ಬಂದು ನನ್ನನ್ನು ಬೇಲೂರಿಗೆ ಕರೆದುಕೊಂಡು ಹೋದಳು. ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದು ಕಟ್ಟೆಯ ಮೇಲೆ ಕೂತೆವು. ಅವಳ ಕಣ್ಣು ಕೆಂಪಗಿತ್ತು.

"ನಿದ್ದೆ ಬರ್ಲಿಲ್ಲ ಕಣೇ," ಅಂದಳು. "ಕಣ್ಣು ಮುಚ್ಚಿದ್ರೆ ಎದ್ದು ನಿಂತ್ಕೊಂತದೆ. ನಾನು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಇನ್ನು ಕತ್ತಲಾಗೆ ಓಡಕೆ ನನ್ ಕೈಲಾಗಲ್ಲ. ಬೆಳಕಲ್ಲಿ ಎಲ್ಲಿಗ್ ಕರೆದ್ರೂ ಬತ್ತೀನಿ."

ಅದನ್ನು ಹೇಳಲು ಅವಳು ಬೆಳಗಿನಿಂದ ಒದ್ದಾಡಿದ್ದಳು ಎಂದು ಗೊತ್ತಾಯಿತು. ನನಗೂ ಸಾಕಾಗಿದೆ ಎಂದು ಹೇಳಿದೆ. ಅದು ನಿಜವೂ ಆಗಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಬಾಯಿಂದ ಇನ್ನೊಂದು ಮಾತು ಬಂದುಬಿಟ್ಟಿತು. "ಬೆಳಕಲ್ಲಿ ಅಂತೀಯ. ನನಗೆ ಹಗಲೂ ಕಾಣದೇ ಹೋದಾಗ?"

ಜಯಂತಿ ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ಓದಿ, ಅದು ನನ್ನದಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅಂದಳು. "ಆಗ ಕತ್ತಲು ನಿಂಗೆ ತಾನೇ? ನಂಗೆ ಹಗಲೇ ಇರ್ತದಲ್ಲ. ನಂಗ್ ಕಂಡ್ರೆ ಆಯ್ತು, ಹೇಳ್ತಾ ಹೋಗ್ತೀನಿ."

ಬಸ್ಸು ಬಂತು. ಕಿಟಕಿಯ ಪಕ್ಕ ಕೂರಿಸಿ, ಚೀಲ ಮಡಿಲಿಗಿಟ್ಟು, ಕಂಡಕ್ಟರಿಗೆ, "ಅರಸೀಕೆರೆ. ಕೈ ಏಟಾಗೈತೆ, ಹುಷಾರಾಗಿ ಇಳಿಸ್ರಿ," ಎಂದು ಹೇಳಿ ಇಳಿದಳು. ಬಸ್ಸು ತಿರುಗುವಾಗ ಅವಳನ್ನು ಜನರ ನಡುವೆ ಹುಡುಕಿದೆ. ಸಿಗುವಷ್ಟರಲ್ಲಿ ಬಸ್ಸು ರಸ್ತೆಗೆ ಬಂದಿತ್ತು.

ಜಾವಗಲ್ ದಾಟಿದ ಮೇಲೆ ದೂರದಲ್ಲಿ ಗುಡ್ಡದ ಸಾಲು ಕಾಣಿಸಿತು. ಒಂದೇ ನೋಟಕ್ಕೆ ಪೂರ್ತಿ ಸಿಗುವುದಿಲ್ಲ ನನಗೆ. ಕತ್ತು ಹೊರಳಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದೆ. ಮಧ್ಯೆ ಒಂದು ಕಡೆ ಸೀಳಿದ ಹಾಗಿತ್ತು, ಅದರೊಳಗೆ ನೀಲಿ ನೆರಳು. ಅದೇ ಕಣಿವೆಯೋ ಬೇರೆಯೋ ಗೊತ್ತಾಗಲಿಲ್ಲ. ಬಸ್ಸು ಅರಸೀಕೆರೆಗೆ ಬಿಸಿಲಿರುವಾಗಲೇ ಬಂತು. ಇಳಿದು, ಆಟೋದವರು ಕರೆದರೂ ಬೇಡವೆಂದು, ಒಬ್ಬಳೇ ಮನೆಗೆ ನಡೆದು ಹೋದೆ.