ಹಸಿದ ಬಾಬ್‌ಕ್ಯಾಟ್

ಮನಾಮಾದ ಮಾಹೂಝ್ ಬಡಾವಣೆಯ ನಮ್ಮ ಕಟ್ಟಡದ ಮೆಟ್ಟಿಲ ಸಂದಿಯಲ್ಲಿ ಮೊನ್ನೆ ಯಾರೋ ಇಲಿ ಪಾಷಾಣ ಇಟ್ಟಿದ್ದರು. ಗುಲಾಬಿ ಬಣ್ಣದ ಬಿಲ್ಲೆಗಳು, ಮುಗ್ಗಿದ ಗೋಧಿಯಂಥ ವಾಸನೆ. ಮೂಗಿಗೆ ಬಡಿದದ್ದೇ ತಡ, ಆ ಮುದುಕ ನೆನಪಾದ. ಹಿರಿಯರನ್ನು ಏಕವಚನದಲ್ಲಿ ಬರೆಯಬಾರದು, ಗೊತ್ತು. ಆದರೆ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಆಗ ನಾನು ಮನಾಮಾದ ಆಚೆ ಒಂದು ಖರ್ಜೂರದ ತೋಟದಲ್ಲಿ ಡ್ರೈವರ್ ಆಗಿದ್ದೆ. ಯಜಮಾನರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಅವರಿಗೆ ಕುದುರೆಗಳಿದ್ದವು, ಜೊತೆಗೆ ಅಮೆರಿಕದಿಂದ ತರಿಸಿದ ಒಂದು ಬಾಬ್‌ಕ್ಯಾಟ್. ಮೋಟು ಬಾಲ, ಮೈತುಂಬ ಚುಕ್ಕೆ, ಮನೆಬೆಕ್ಕಿನ ಎರಡು ಪಟ್ಟು ಗಾತ್ರ. ಅದನ್ನು ಸಾಕುತ್ತಿದ್ದವನು ಈ ಮುದುಕ, ಉಳ್ಳಾಲದ ಕಡೆಯವನು. ನಮ್ಮೂರಿನವನಲ್ಲವಾ ಎಂದು ಮೊದಲ ದಿನ ಮಾತಾಡಿಸಲು ಹೋದರೆ, "ಕಾರು ಓಡಿಸುವವನಿಗೆ ಇಲ್ಲಿ ಎಂತ ಕೆಲಸ?" ಎಂದು ಎಲ್ಲರೆದುರು ಗದರಿಸಿದ.

ವಾರದಲ್ಲಿ ಎರಡು ದಿನ ಅವನು ಬೆಕ್ಕಿಗೆ ಮಾಂಸವನ್ನೇ ಹಾಕುತ್ತಿರಲಿಲ್ಲ. ಸಂಜೆಯಾದರೆ ಎಸಿ ಕೋಣೆಯಿಂದ ಅದನ್ನು ಕುದುರೆ ಮೇವಿನ ಗೋದಾಮಿಗೆ ಬಿಡುತ್ತಿದ್ದ. ಸುತ್ತಲೂ ತಂತಿ ಬಲೆ ಇತ್ತು. ಬೆಕ್ಕು ಹುಲ್ಲಿನ ಕಟ್ಟಿನ ಹಿಂದೆ ಹೊಟ್ಟೆ ನೆಲಕ್ಕೆ ತಾಗಿಸಿ ಕೂತರೆ ಅರ್ಧ ಗಂಟೆಯಾದರೂ ಮಿಸುಕುತ್ತಿರಲಿಲ್ಲ. ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ ಅದು. ಕಾದು ಕಾದು ಒಂದೇ ನೆಗೆತ, ಇಲಿಯ ಕುತ್ತಿಗೆಗೆ ಬಾಯಿ. ತಿಂದು ಮಿಕ್ಕಿದ್ದರ ಮೇಲೆ ಹುಲ್ಲೆಳೆದು ಮುಚ್ಚುತ್ತಿತ್ತು... ಸುಳ್ಳು ಯಾಕೆ, ನೋಡಲು ಚೆಂದವಿತ್ತು.

"ಮೂಕಪ್ರಾಣಿಯನ್ನು ಉಪವಾಸ ಹಾಕ್ತೀರಲ್ಲ ಕಾಕ, ಪಾಪ ಬರುದಿಲ್ವಾ?" ಎಂದೆ ಒಮ್ಮೆ.

"ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯುದಿಲ್ಲ ಮಾರಾಯ. ಇದು ಹಿಡಿಯದಿದ್ರೆ ತೋಟ ಇಲಿಗಳದ್ದೇ. ನಿನ್ನ ತಲೆಗೆ ಅದೆಲ್ಲ ಹೋಗುದಿಲ್ಲ. ಹೋಗು, ಕಾರು ತೊಳಿ."

ಮೈ ಉರಿದುಹೋಯಿತು. ಅದೇ ವಾರ ಕಾರಿನಲ್ಲಿ ಅರ್ಬಾಬ್ ಕಿವಿಗೆ ಹಾಕಿದೆ: ಮುದುಕ ಬೆಕ್ಕನ್ನು ಹಸಿವಿನಿಂದ ಕೊಲ್ಲುತ್ತಿದ್ದಾನೆ ಎಂದು. ಅವರು ಬಂದು ನೋಡಿದ ದಿನ ತಟ್ಟೆ ಖಾಲಿ ಇತ್ತು. ತಿಂಗಳೊಳಗೆ ಅವನ ವೀಸಾ ಕ್ಯಾನ್ಸಲ್ ಆಯಿತು. ಏರ್‌ಪೋರ್ಟಿಗೆ ಬಿಟ್ಟು ಬಂದವನೂ ನಾನೇ. ಕಾರಿನಿಂದ ಇಳಿಯುವಾಗ ಅವನು, "ಎರಡು ದಿನ ಹಸಿವು ಇರಲಿ ಅದಕ್ಕೆ. ಅಷ್ಟು ಮಾಡು," ಎಂದ. ನಾನು ಅವನ ಪೆಟ್ಟಿಗೆ ಇಳಿಸಿ ಕಾರು ತಿರುಗಿಸಿದೆ.

ಬೆಕ್ಕು ನನ್ನ ಪಾಲಿಗೆ ಬಂತು. ದಿನಕ್ಕೆರಡು ಹೊತ್ತು ಕೋಳಿ ಕತ್ತರಿಸಿ ಹಾಕಿದೆ. ಅದು ದಪ್ಪಗಾಗಿ ಎಸಿಯ ಕೆಳಗೆ ಬಿದ್ದುಕೊಂಡಿತು. ಸಂಜೆ ಗೋದಾಮಿಗೆ ಬಿಟ್ಟರೆ ಬಾಗಿಲ ಬಳಿಯೇ ಮಲಗುತ್ತಿತ್ತು. ಕೆಲವೇ ತಿಂಗಳಲ್ಲಿ ಇಲಿಗಳು ಮೇವಿನ ಚೀಲ ಹರಿದವು, ಖರ್ಜೂರದ ಮರಗಳಿಗೆ ನೀರು ಹೋಗುವ ಪೈಪು ಕಡಿದವು. ಅರ್ಬಾಬ್ ರೇಗಿದರು. ನಾನು ಪಾಷಾಣ ತಂದು ಇಟ್ಟೆ.

ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಅಮಲೇರಿದಂತೆ ತೂರಾಡುತ್ತದೆ. ಅಂಥದ್ದನ್ನು ಹಿಡಿಯಲು ಬೆಕ್ಕಿಗೆ ಹಸಿವೂ ಬೇಡ, ನೆಗೆತವೂ ಬೇಡ. ನಾಲ್ಕು ದಿನಕ್ಕೆ ಅದರ ಮೂಗಿನಲ್ಲಿ ರಕ್ತ ಬಂತು. ಇಲಿಯ ಹೊಟ್ಟೆಯ ವಿಷ ಇದರ ಹೊಟ್ಟೆಗೆ ಹೋಗಿದೆ ಎಂದರು ಡಾಕ್ಟರು. ಆರನೆಯ ದಿನ ನನ್ನ ಕಣ್ಣೆದುರೇ ಸತ್ತಿತು.

ಸ್ವಲ್ಪ ದಿನಕ್ಕೆ ಊರಿನಿಂದ ಮುದುಕನ ಫೋನು. ನನ್ನ ಕ್ಷೇಮ ಕೇಳಲಿಲ್ಲ. "ಬೆಕ್ಕು ಹೇಗುಂಟು?"

"ಲಾಯ್ಕುಂಟು ಕಾಕ," ಎಂದೆ. "ಇಲಿ ಹಿಡಿಯುತ್ತದೆ."

"ಹಾಗಾದ್ರೆ ನಿನಗೂ ತಲೆ ಉಂಟು ಮಾರಾಯ," ಎಂದ. ಅವನ ಬಾಯಿಂದ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ಹೋದ ವರ್ಷ ತೀರಿಕೊಂಡನಂತೆ. ಅವನ ಮಗನ ನಂಬರು ನನ್ನ ಮೊಬೈಲಿನಲ್ಲಿದೆ. ಮೊನ್ನೆ ಫೋನ್ ಮಾಡಿ ನಿಜ ಹೇಳಿಬಿಡೋಣವೆಂದು ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಆ ಹುಡುಗ ಒಳ್ಳೆಯವನು, ಪರವಾಗಿಲ್ಲ ಬಿಡಿ ಎನ್ನುತ್ತಾನೆ. ನನಗೆ ಬೇಕಾದದ್ದು ಬೈಗುಳ. ಬೈಯಬೇಕಾದವನೇ ಇಲ್ಲ.